ಗೇಣುದ್ದದ ಬಿರುಕಿಗೆ ಬಾಡಿಗಾರ್ಡ್

ಹತ್ತು ಟನ್ನಿನ ರೋಡ್ ರೋಲರ್ ನನ್ನ ಮೇಲೆ ಬರುತ್ತಿತ್ತು!

ಓಡಬೇಕಿತ್ತೆ? ಬೇಕಿರಲಿಲ್ಲ... ಅದು ಆರಾಮಾಗಿ ಬರುತ್ತಿತ್ತು. ಬೆವರು ಒರೆಸಿಕೊಳ್ಳುವಷ್ಟು ಟೈಮ್ ಇತ್ತು.

ಆದರೆ ನಾನು ಜಾಗ ಬಿಡುವ ಹಾಗಿರಲಿಲ್ಲ. ನಾನು ಖಾಸಗಿ ಪತ್ತೇದಾರ. ಅವತ್ತು ನಾನು ಕಾಯಬೇಕಿದ್ದದ್ದು ರಸ್ತೆಯಲ್ಲಿದ್ದ ಗೇಣುದ್ದದ ಒಂದು ಬಿರುಕನ್ನು!

"ಲೋ, ನಿನ್ನ ನೆರಳು ಅದರ ಮೇಲೆ ಬೀಳ್ತಿದೆ! ಆಚೆ ನಿಲ್ಲೋ!" ಫುಟ್‌ಪಾತಿನಿಂದ ಅಕ್ಕ ಕೂಗಿದಳು.

ತಮ್ಮ ಅಪ್ಪಚ್ಚಿಯಾದಾನೆಂಬ ಚಿಂತೆ ಅವಳಿಗಿರಲಿಲ್ಲ.

ಅಕ್ಕ ಟಾರು ಲ್ಯಾಬಿನ ಎಂಜಿನಿಯರ್. ಟಾರಿನಲ್ಲಿ ಸಾಸಿವೆ ಗಾತ್ರದ ಎಣ್ಣೆ ಗುಳಿಗೆ ಬೆರೆಸಿದ್ದಾಳೆ. ರಸ್ತೆ ಬಿರಿದರೆ ಗುಳಿಗೆ ಒಡೆದು ಎಣ್ಣೆ ಜಿನುಗುತ್ತದೆ, ಟಾರು ಮೆತ್ತಗಾಗಿ ತಾನೇ ಕೂಡಿಕೊಳ್ಳುತ್ತದೆ. ಆದರೆ ಐದು ಗಂಟೆ ಬಿಸಿಲು ಬೀಳಬೇಕು. ಒಂದು ಚಕ್ರವೂ ಹರಿಯಬಾರದು. ಅವತ್ತು ಬೆಳಗ್ಗೆ ಹನ್ನೊಂದಕ್ಕೆ ಪರೀಕ್ಷೆ ಶುರು. ನಾಲ್ಕಕ್ಕೆ ಚೀಫ್ ಎಂಜಿನಿಯರ್ ಸಾಹೇಬರ ತಪಾಸಣೆ. ಬಿರುಕು ಉಳಿದಿದ್ದರೆ ಲ್ಯಾಬಿಗೆ ಬೀಗ.

ಬೀಗ ಬೀಳಲಿ ಎಂದು ಕಾಯುತ್ತಿದ್ದವನು ರಸ್ತೆಗೆ ತೇಪೆ ಹಾಕುವ ಕಂಟ್ರ್ಯಾಕ್ಟರ್; ಊರವರ ಬಾಯಲ್ಲಿ ಬರೀ 'ತೇಪೆ'. ಇಪ್ಪತ್ತು ವರ್ಷದಿಂದ ಅವೇ ಗುಂಡಿಗಳನ್ನು ಮತ್ತೆ ಮತ್ತೆ ಮುಚ್ಚಿ ಬದುಕಿದವನು. ರೋಲರ್ ಅವನದೇ.

"ಸರೀರಿ ಸಾರ್!" ಡ್ರೈವರ್ ಅರಚಿದ.

"ಆಗಲ್ಲ!"

"ಬ್ರೇಕು ಅಷ್ಟಕ್ಕಷ್ಟೇ ಸಾರ್!"

ರೋಲರ್ ಮೇಲಕ್ಕೆ ನೆಗೆದೆ. ಅವನ ಊಟದ ಡಬ್ಬಿ ಕಿತ್ತುಕೊಂಡು ಅಡ್ಡರಸ್ತೆಗೆ ಇಳಿದೆ.

"ಅಯ್ಯೋ! ಹೆಂಡ್ತಿ ಕಟ್ಟಿಕೊಟ್ಟಿದ್ದು ಸಾರ್!"

ರೋಲರ್ ಗರ್ರನೆ ಹೊರಳಿ ನನ್ನ ಬೆನ್ನು ಹತ್ತಿತು!

ಭೀಕರ ಚೇಸ್! ಎರಡು ಕಿಲೋಮೀಟರ್... ಮುಕ್ಕಾಲು ಗಂಟೆ. ಮಧ್ಯೆ ಒಬ್ಬ ಅಜ್ಜಿ ನಮ್ಮಿಬ್ಬರನ್ನೂ ಓವರ್‌ಟೇಕ್ ಮಾಡಿದರು. ಕೊನೆಗೆ ಡೀಸೆಲ್ ಮುಗಿಯಿತು. ಡಬ್ಬಿ ವಾಪಸ್ ಕೊಟ್ಟು ಓಡಿಬಂದೆ.

ಅಕ್ಕ ಎರಡೂ ಕೈ ಚಾಚಿ ಗಾಡಿಗಳನ್ನು ತಡೆಯುತ್ತಿದ್ದಳು. ಅವಳ ಸುತ್ತ ಹಾರೆ, ಪಿಕಾಸಿ ಹಿಡಿದ ಎಂಟು ಜನ!

"ರಸ್ತೆ ಅಗೀಬೇಕು. ನಮ್ ಯಜಮಾನ್ರ ಆರ್ಡರ್," ಎಂದ ಮೇಸ್ತ್ರಿ.

ಅಕ್ಕನ ಕಣ್ಣು ತುಂಬಿತು. ಆರು ವರ್ಷದ ದುಡಿಮೆ... ನಾನು ಮುಷ್ಟಿ ಬಿಗಿದೆ.

ಅವರು ಮೊದಲು ಬ್ಯಾರಿಕೇಡ್ ಹಾಕಿದರು. ಈ ತುದಿಗೊಂದು, ಆ ತುದಿಗೊಂದು. 'ಕಾಮಗಾರಿ ಪ್ರಗತಿಯಲ್ಲಿದೆ' ಬೋರ್ಡು ನಿಲ್ಲಿಸಿದರು. ಬಸ್ಸು, ಲಾರಿ ಎಲ್ಲ ಬಂದ್!

ಆಮೇಲೆ ಮರದ ಕೆಳಗೆ ಹೋಗಿ ಮಲಗಿದರು.

ತಡೆಯಲಾರದೆ ಕೇಳಿದೆ, "ಅಗೆಯಲ್ವಾ?"

"ಮಾರ್ಕಿಂಗ್ ಮಾಡೋರು ಬರ್ಬೇಕಲ್ಲ."

"ಯಾವಾಗ ಬರ್ತಾರೆ?"

"ಯಾವತ್ತು ಬಂದಿದಾರೆ ಹೇಳಿ?"

ಮೇಸ್ತ್ರಿಯ ಫೋನು ಕಿರುಚಿತು. "ಅಗೆದ್ರೇನ್ರೋ?" ತೇಪೆಯ ದನಿ.

ಮೇಸ್ತ್ರಿ ಮಗ್ಗಲು ಬದಲಿಸಿದ. "ಕೆಲ್ಸ ನಡೀತಾ ಇದೆ ಯಜಮಾನ್ರೇ."

ನಾಲ್ಕು ಗಂಟೆ. ಚೀಫ್ ಸಾಹೇಬರು ಭೂತಗನ್ನಡಿ ಹಿಡಿದು ಮಂಡಿಯೂರಿದರು. ಓಡೋಡಿ ಬಂದ ತೇಪೆಯೂ ಪಕ್ಕದಲ್ಲಿ ಮಂಡಿಯೂರಿ ತಡಕಾಡಿದ.

ಗೆರೆಯೂ ಇಲ್ಲ!

ಅಕ್ಕ ನನ್ನನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ... ಯಾರಿಗೂ ಹೇಳಬೇಡಿ.

ಈಗ ಊರಿಗೆಲ್ಲ ಅಕ್ಕನ ಟಾರು. ತೇಪೆ ಬೀದಿಗೆ ಬಿದ್ದ ಅಂದುಕೊಂಡಿರಾ? ಬಿರುಕು ಬಿಟ್ಟಲ್ಲೆಲ್ಲ ರಸ್ತೆ ಬಂದ್ ಮಾಡಿ, ಐದು ಗಂಟೆ ಏನೂ ಮಾಡದೆ ಕೂರುವವರು ಬೇಕಲ್ಲ...

ಆ ಕೆಲಸದಲ್ಲಿ ಅವನ ಗ್ಯಾಂಗಿಗಿರುವಷ್ಟು ಅನುಭವ ಇನ್ಯಾರಿಗಿದೆ!