ಅಜ್ಜನ ಹೆಸರಿಗೆ ಓ

"ಮೋದಿನಸಾಬ."

ಯಾರೂ ಓಗೊಡಲಿಲ್ಲ. ಕಟ್ಟೆಯ ಮೇಲೆ ಕೂತಿದ್ದವನು ಒಬ್ಬನೇ ವಿದ್ಯಾರ್ಥಿ. ಹೊಸ ಬ್ಯಾಗು ಅವನ ಬೆನ್ನಿಗಿಂತ ದೊಡ್ಡದಿತ್ತು.

ಆಟದಲ್ಲಿ ಟೀಚರ್ ಆಗಿದ್ದ ಅಕ್ಕ ಜಬೀನ ಲಟ್ಟಣಿಗೆಯಿಂದ ಕಟ್ಟೆ ಕುಟ್ಟಿದಳು. ಅವಳು ಐದನೇ ತರಗತಿ. ನಾಳೆ ತಮ್ಮನೂ ಒಂದನೇ ತರಗತಿಗೆ ಹೊರಡಬೇಕು.

"ಸಣ್ಯಾ, ನಿನ್ನಽ ಕರ್ಯಾಕತ್ತೀನಿ. ಹಾಜರ್ ಟೀಚರ್ ಅನ್ನು."

"ನಾ ಸಣ್ಯಾ. ಅದು ಅಜ್ಜನ ಹೆಸರು."

ಅದೂ ಖರೇನೇ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟಿದ್ದರು. ಆದರೆ ಗಂಡನ ಹೆಸರನ್ನು ಅಜ್ಜಿ ಖಾಜಾಬಿ ಹೇಳುವಂತಿಲ್ಲ, ಮಾವನ ಹೆಸರನ್ನು ಅವ್ವ ಹೇಳುವಂತಿಲ್ಲ. ಹಾಗಾಗಿ ಹುಡುಗ ಮನೆಯಲ್ಲಿ ಸಣ್ಯಾ ಆಗಿಯೇ ಬೆಳೆದ.

"ಸಾಲ್ಯಾಗ ನಿನ್ನ ಹೆಸರೂ ಅದಽ. ಮತ್ತ ಕರೀತೀನಿ ನೋಡು. ಮೋದಿನಸಾಬ."

"ಅಂವಾ ಇಲ್ರಿ ಟೀಚರ್. ಗದಗ ದವಾಖಾನಿಗೆ ಹೋಗ್ಯಾನ."

ಜಬೀನಳಿಗೆ ನಗು ಬರಲಿಲ್ಲ. ಅಜ್ಜ ತೀರಿಕೊಂಡದ್ದು ರಮಜಾನಿಗೂ ಮೊದಲು. ಮಣ್ಣು ಕೊಡುವ ದಿನ ಸಣ್ಯಾನನ್ನು ಬೆಳವಣಕಿಯ ಸೋದರಮಾವನ ಮನೆಗೆ ಕಳಿಸಿದ್ದರು. ವಾಪಸು ಬಂದವನಿಗೆ ಎಲ್ಲರೂ ಹೇಳಿದ್ದು ಒಂದೇ ಮಾತು, ದವಾಖಾನೆಗೆ ಹೋಗಿದ್ದಾನೆ, ಬರುತ್ತಾನೆ ಅಂತ. ಜಬೀನಳೂ ಹಾಗೇ ಹೇಳಿದ್ದಳು.

"ನಾಳೆ ಹಿಂಗಂದ್ರ ಹುಡುಗ್ರು ನಗತಾರ. ತನ್ನ ಹೆಸರಽ ಗೊತ್ತಿಲ್ಲದ ದಡ್ಡ ಅಂತಾರ."

"ಅನ್ಲಿ." ಸಣ್ಯಾ ಬ್ಯಾಗಿನ ಬೆಲ್ಟು ಎಳೆದ, ಬಿಟ್ಟ. "ಅಕ್ಕಾ, ಹೆಸರು ನಾ ತಗೊಂಡ್ರ, ಅಜ್ಜ ಹೊಳ್ಳಿ ಬಂದಾಗ ಅವಂಗ ಏನಂತ ಕರೀತೀರಿ?"

ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು ನಿಂತಿತು.

ಹಳೆ ಸೀರೆಗಳ ಕೌದಿ ಹೊಲಿಯುತ್ತಿದ್ದ ಅಜ್ಜಿ ಮೊಣಕಾಲು ಹಿಡಿದು ಎದ್ದಳು. ಹೊಸ್ತಿಲಿಗೆ ಬಂದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಮೋದಿನಸಾಬ," ಎಂದಳು.

ಅಜ್ಜಿಯ ಬಾಯಲ್ಲಿ ಆ ಹೆಸರನ್ನು ಜಬೀನ ಎಂದೂ ಕೇಳಿರಲಿಲ್ಲ. ಕರೆದ ಅಜ್ಜಿ, ಯಾರೋ ಉತ್ತರ ಕೊಟ್ಟಾರೆಂಬಂತೆ ಅಂಗಳದ ಕಡೆ ನೋಡುತ್ತ ನಿಂತಳು. ಅಲ್ಲಿ ಕೋಳಿಗಳಷ್ಟೇ ಇದ್ದವು.

"ಅವರಿಗೆ ಇನ್ನ ಕೇಳೂದಿಲ್ಲಪಾ," ಎಂದಳು. "ನೀನಽ ಓ ಅನ್ನಬೇಕು."

"ಬರಾಂಗಿಲ್ಲೇನು?"

"ಇಲ್ಲ."

ಸಣ್ಯಾ ಅಜ್ಜಿಯ ಮುಖ ನೋಡಿದ. ಆಮೇಲೆ ಅವನೂ ಅಂಗಳದ ಕಡೆ ನೋಡಿದ.

"ಓ," ಎಂದ, ತೀರ ಸಣ್ಣಗೆ.

ಸಾಲೆಯಲ್ಲಿ ಹಾಗೆ ಅನ್ನುವುದಿಲ್ಲ, ಹಾಜರ್ ಅನ್ನಬೇಕು. ಜಬೀನ ತಿದ್ದಲಿಲ್ಲ. ಲಟ್ಟಣಿಗೆಯನ್ನು ಬದಿಗಿಟ್ಟು, ತಮ್ಮನ ಬೆನ್ನಿನಿಂದ ಬ್ಯಾಗು ಇಳಿಸಿಕೊಂಡಳು.