ಮೀಸಲ ಕೊಡ

ನಳ ಮೊದಲು ಗಾಳಿ ಉಗುಳಿತು. ಶಶಿಕಲಾ ಕೊಡವನ್ನು ಪಕ್ಕಕ್ಕೆ ಸರಿಸಿ, ಬಂದ ಮೊದಲ ನೀರನ್ನು ಹಳೆಯ ಬಕೆಟ್ಟಿನಲ್ಲಿ ಹಿಡಿದು ಮೆಟ್ಟಿಲಿಗೆ ಚೆಲ್ಲಿದಳು. ಆಮೇಲಷ್ಟೇ ನಳದ ಕೆಳಗೆ ಕೊಡ ಇಟ್ಟಳು. ಇದನ್ನು ಯಾರೂ ಅವಳಿಗೆ ಕೂಡಿಸಿಕೊಂಡು ಕಲಿಸಿರಲಿಲ್ಲ. ಅವ್ವ ಹಾಗೆ ಮಾಡುತ್ತಿದ್ದಳು, ಅವಳೂ ಹಾಗೆ ಮಾಡುತ್ತಿದ್ದಳು.

ಎರಡು ಕೊಡ ತುಂಬಿ ಮೂರನೆಯದು ಅರ್ಧಕ್ಕೆ ಬಂದಾಗ ಫೋನು ಬಂತು. ಕರೆದಿನ್ನಿ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಹನುಮೇಶ.

"ಮೇಡಂ, ಹುಣಸಿಗಿಡದ ಓಣಿ ಮುದುಕಪ್ಪ ಅಂತ, ಕಂಪ್ಲೇಂಟ್ ಕೊಡಾಕ ಬಂದಾನ. ರಾತ್ರಿ ಹೆಂಡ್ತಿ ತೀರಿಕೊಂಡಾಳ. ವಾಂತಿ ಭೇದಿ. ಓಣಿ ಅರ್ಧ ಮಂದಿ ಆಸ್ಪತ್ರ್ಯಾಗ ಅದಾರ."

"ಊಟದಾಗ ಏನರೆ?"

"ನೀರಂತ್ರಿ. ನೀರು ಬಿಡೋ ಪರಮಣ್ಣನ್ನ ಜನ ಟ್ಯಾಂಕಿನ ರೂಮಿನ್ಯಾಗ ಕೂಡಿಹಾಕ್ಯಾರ. ಲಗೂನ ಬರ್ರಿ."

ಕೊಡ ತುಂಬಿ ಹೊರಗೆ ಚೆಲ್ಲುತ್ತಿತ್ತು. ಅವಳು ನಳ ನಿಲ್ಲಿಸಿ, ಒದ್ದೆ ಕೈ ಒರೆಸಿಕೊಂಡು ಯೂನಿಫಾರ್ಮ್ ಹುಡುಕಿದಳು.

ಮಾನ್ವಿಯಿಂದ ದೇವದುರ್ಗದ ಕಡೆ ಹೋಗುವ ರಸ್ತೆಯಲ್ಲಿ ಕರೆದಿನ್ನಿ ಒಂದು ಸಣ್ಣ ಪಟ್ಟಣ. ಪಿಎಸ್‌ಐ ಆಗಿ ಶಶಿಕಲಾ ಅಲ್ಲಿಗೆ ಬಂದು ವರ್ಷ ತುಂಬಿರಲಿಲ್ಲ. ಗುರುವಾರ ಬೆಳಗ್ಗೆ ಎಂಟಕ್ಕೆ ಅವಳು ಠಾಣೆ ಸೇರಿದಾಗ ಮುದುಕಪ್ಪ ಬೆಂಚಿನ ತುದಿಯಲ್ಲಿ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದ.

"ಹೆಂಡ್ತಿ ಹೆಸರು?"

"ಆದೆಮ್ಮ."

"ಯಾವಾಗಿಂದ ಆರಾಮಿರಲಿಲ್ಲ?"

"ಮಂಗಳವಾರ ಪಂಚಮಿ ಹಬ್ಬ ಇತ್ತಲ್ರಿ. ಮುಂಜಾನೆ ನಳ ಬಂತು. ನಾಗಪ್ಪಗ ಹಾಲೆರೆದು ಬಂದು ಉಂಡ್ವಿ. ಸಂಜಿಗೆ ಸುರುವಾತು."

"ಯಾರ ಮ್ಯಾಲ ಅನುಮಾನ?"

"ನೀರು ಬಿಡಾಂವ ಅವನೊಬ್ಬನೇ ಅಲ್ಲೇನ್ರಿ."

"ಪರಮಣ್ಣಗೂ ನಿಮಗೂ ಜಗಳ?"

"ಇಲ್ರಿ. ನಮ್ಮನಿಗೆ ಚಾ ಕುಡ್ಯಾಕ ಬರ್ತಿದ್ದ." ಮುದುಕಪ್ಪ ಟವೆಲ್ ತೆಗೆದ. "ಚಾ ಮಾಡಿಕೊಡಾಕಿನೇ ಹ್ವಾದ್ಲು."

ಎಫ್‌ಐಆರ್ ದಾಖಲಾಯಿತು. ನಿರ್ಲಕ್ಷ್ಯದಿಂದ ಸಾವು. ಆರೋಪಿಯ ಹೆಸರಿನ ಜಾಗದಲ್ಲಿ ಹನುಮೇಶ ಪೆನ್ನು ನಿಲ್ಲಿಸಿ ಅವಳ ಮುಖ ನೋಡಿದ.

"ಅಪರಿಚಿತ ಅಂತ ಬರಿ," ಎಂದಳು.

ಟ್ಯಾಂಕಿನ ಹತ್ತಿರ ನೂರಾರು ಜನ ಸೇರಿದ್ದರು. ಕೆಲವರ ಕೈಯಲ್ಲಿ ಕಲ್ಲುಗಳಿದ್ದವು, ಆದರೆ ಕಲ್ಲು ಹಿಡಿದವರು ಹಿಂದೆ ನಿಂತಿದ್ದರು. ಹನುಮೇಶ ದೊಡ್ಡ ದನಿಯಲ್ಲಿ, "ಅವನ್ನ ಠಾಣೆಗೆ ಒಯ್ಯಾಕ ಬಂದೀವಿ, ದಾರಿ ಬಿಡ್ರಿ," ಎಂದ. ದಾರಿ ಆಯಿತು. ಬಾಗಿಲು ತೆಗೆದರೆ ಪರಮಣ್ಣ ಬ್ಲೀಚಿಂಗ್ ಪೌಡರಿನ ಚೀಲದ ಮೇಲೆ ಕೂತಿದ್ದ.

ಜೀಪಿನಲ್ಲಿ ಅವನು ಎರಡೂ ಅಂಗೈ ಮುಂದೆ ಚಾಚಿದ. "ಮೂಸಿ ನೋಡ್ರಿ ಮೇಡಂ. ಹತ್ತು ವರ್ಷ ಆತು, ಈ ವಾಸನಿ ಹೋಗಿಲ್ಲ. ಉಣ್ಣುವಾಗ ನನ್ನ ಹೇಣ್ತಿ ದೂರ ಕುಂದರ್ತಾಳ."

"ಮಂಗಳವಾರ ಪೌಡರ್ ಹಾಕಿದ್ದಿ?"

"ಹಾಕೀನ್ರಿ. ಅದೇ ಟ್ಯಾಂಕಿನ ನೀರು ಇನ್ನೂ ಮೂರು ಓಣಿಗೆ ಹೋಗ್ಯಾದ. ಅಲ್ಲಿ ಯಾರರೆ ಬಿದ್ದಾರೇನು ಕೇಳ್ರಿ."

ಮೂರು ಓಣಿಗಳಲ್ಲಿ ಯಾರೂ ಬಿದ್ದಿರಲಿಲ್ಲ. ಆರೋಗ್ಯ ಇಲಾಖೆಯವರು ಟ್ಯಾಂಕಿನಿಂದ ಒಂದು ಬಾಟಲಿ ತುಂಬಿಕೊಂಡರು. ಮುದುಕಪ್ಪನ ದೇವರ ಕೋಣೆಯಲ್ಲಿ ಉಳಿದಿದ್ದ ನೀರಿನಿಂದ ಇನ್ನೊಂದು ಬಾಟಲಿ ತುಂಬಿದರು. ಎರಡೂ ರಾಯಚೂರಿನ ಪ್ರಯೋಗಾಲಯಕ್ಕೆ ಹೋದವು.

ಮಧ್ಯಾಹ್ನ ಮಾನ್ವಿಯಿಂದ ಸರ್ಕಲ್ ಇನ್‌ಸ್ಪೆಕ್ಟರ್ ಫೋನು ಮಾಡಿದರು. "ಆ ನೀರು ಬಿಡಾಂವನ್ನ ಅರೆಸ್ಟ್ ತೋರಿಸಿಬಿಡ್ರಿ ಶಶಿಕಲಾ. ಜನ ತಣ್ಣಗಾಗ್ತಾರ."

"ಲ್ಯಾಬ್ ರಿಪೋರ್ಟ್ ಬರಲಿ ಸರ್."

"ಶನಿವಾರ ಮತ್ತ ಆ ಓಣಿಗೆ ನೀರು ಬಿಡಬೇಕು. ಟ್ಯಾಂಕರ್ ನೀರು ಅಡಿಗಿಗೂ ಸಾಲವಲ್ದಂತ. ಅಷ್ಟರಾಗ ಮುಗಸ್ರಿ."

ಶನಿವಾರ ಎಂಬ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತು. ಏನು ಸೇರಿದೆ, ಎಲ್ಲಿ ಸೇರಿದೆ ಎಂದು ಗೊತ್ತಾಗದೆ ವಾಲ್ವು ತಿರುಗಿಸಿದರೆ ಅದೇ ನೀರು ಮತ್ತೆ ಅದೇ ಮನೆಗಳಿಗೆ ಹೋಗುತ್ತದೆ.

ಸಂಜೆ ಅವಳು ಮಾನ್ವಿಯ ಆಸ್ಪತ್ರೆಗೆ ಹೋದಳು. ವಾರ್ಡು ತುಂಬಿ ವರಾಂಡದಲ್ಲೂ ಚಾಪೆ ಹಾಸಿದ್ದರು. ಕಿಟಕಿಯ ಸರಳಿಗೆ ಡ್ರಿಪ್ ಬಾಟಲಿಗಳನ್ನು ದಾರದಿಂದ ಕಟ್ಟಿದ್ದರು. ಮೂಲೆಯ ಮಂಚದಲ್ಲಿ ಒಂದು ಹುಡುಗಿ, ಕೈಗೆ ಸೂಜಿ ಚುಚ್ಚಿಸಿಕೊಂಡೇ ಪುಸ್ತಕ ಎದೆಯ ಮೇಲೆ ಇಟ್ಟುಕೊಂಡಿದ್ದಳು. ಹೆಸರು ಸವಿತಾ, ಪಿಯುಸಿ ಎರಡನೆಯ ವರ್ಷ. ಪಕ್ಕದಲ್ಲಿ ತಾಯಿ ಗೋಪಮ್ಮ ಉಪ್ಪು-ಸಕ್ಕರೆಯ ನೀರನ್ನು ಚಮಚದಲ್ಲಿ ಕುಡಿಸುತ್ತಿದ್ದಳು. ಕೂಲಿಗೆ ಹೋಗುವ ವಿಧವೆ. ಬಿಸಿಲಿಗೆ ಕರಕಾದ ಸಪೂರ ಕೈ.

"ಇಲ್ಲೂ ಓದು ಬಿಡಲ್ಲೇನವ್ವಾ?" ಶಶಿಕಲಾ ಕೇಳಿದಳು.

"ತಿಂಗಳಾತ್ರಿ ಮೇಡಂ, ಒಂದ ದಿನಾನೂ ಕಾಲೇಜು ತಪ್ಪಿಸಿದ್ದಿಲ್ಲ. ಈಗ ತಪ್ತು," ಎಂದಳು ಹುಡುಗಿ. "ಅದಕ್ಕೂ ಮುಂಚೆ ನೀರು ಬರೋ ದಿನ ತಪ್ಪತಿತ್ತು. ಹಾಜರಿ ಕಮ್ಮಿ ಆಗಿ ಪರೀಕ್ಷೆಗೆ ಕೂಡಸಂಗಿಲ್ಲ ಅಂದಿದ್ರು."

"ಸುಮ್ನ ಮಲಗು," ಎಂದಳು ಗೋಪಮ್ಮ. ಆಮೇಲೆ ತಲೆ ಎತ್ತದೆ ಕೇಳಿದಳು: "ಆದೆಮ್ಮತ್ತಿ ಹೆಂಗದಾಳ್ರಿ? ದೇವದುರ್ಗದ ಆಸ್ಪತ್ರಿಗೆ ಒಯ್ದಿದ್ರಂತ."

"ತೀರಿಕೊಂಡ್ರು."

ಗೋಪಮ್ಮ ಚಮಚವನ್ನು ಲೋಟದಲ್ಲಿ ಇಟ್ಟಳು. ಲೋಟ ಹಿಡಿದು ಎದ್ದು ಹೊರಗೆ ಹೋಗಿ, ಕುಡಿಸಬೇಕಿದ್ದ ನೀರನ್ನು ಅಷ್ಟೂ ಮೋರಿಗೆ ಸುರಿದು, ಅಲ್ಲೇ ಗೋಡೆಗೆ ಮುಖ ಮಾಡಿ ನಿಂತಳು. ಓಣಿಯ ಹೆಣ್ಣುಮಗಳು ಸತ್ತಳೆಂದರೆ ಯಾರಿಗಾದರೂ ಸಂಕಟವೇ ಎಂದುಕೊಂಡು ಶಶಿಕಲಾ ಮುಂದಿನ ಮಂಚಕ್ಕೆ ಹೋದಳು.

ಶುಕ್ರವಾರ ಹನ್ನೊಂದಕ್ಕೆ ರಾಯಚೂರಿನಿಂದ ವರದಿ ಬಂತು. ಟ್ಯಾಂಕಿನ ನೀರು ಶುದ್ಧ. ಮುದುಕಪ್ಪನ ಮನೆಯ ನೀರಿನಲ್ಲಿ ಮಲದ ಸೂಕ್ಷ್ಮಾಣು. ಪರಮಣ್ಣನನ್ನು ಮನೆಗೆ ಕಳಿಸಿ, ಶಶಿಕಲಾ ಹನುಮೇಶನನ್ನೂ ಮಹಿಳಾ ಕಾನ್‌ಸ್ಟೆಬಲ್ ರಾಧಾಳನ್ನೂ ಕರೆದುಕೊಂಡು ಹುಣಸೆಗಿಡದ ಓಣಿಗೆ ನಡೆದಳು.

ಮೊದಲ ಮನೆಯ ಕಟ್ಟೆಯ ಮೇಲೆ ಕೂತಿದ್ದವನೊಬ್ಬ ಎದುರು ಮನೆಯತ್ತ ಗದ್ದ ಎತ್ತಿದ. "ಸುಗ್ರಾ ಬೇಗಂ ಮನ್ಯಾಗ ಏಳು ಮಂದಿ ಅದಾರ. ಒಬ್ಬರಿಗೂ ಏನೂ ಆಗಿಲ್ಲ. ಅದೇ ನಳ, ಅದೇ ನೀರು. ಅದನ್ನ ಕೇಳ್ರಿ ಮೇಡಂ ಮೊದಲ."

ಹನುಮೇಶ ಅವಳ ಕಿವಿಯಲ್ಲಿ, "ನಿನ್ನಿಯಿಂದ ಇದೇ ಮಾತು ನಡದಾದ. ಸಂಜಿಗೆ ಏನಾಕ್ಕದೋ," ಎಂದ.

ಸುಗ್ರಾ ಬೇಗಂ ಬಾಗಿಲು ಅರ್ಧ ತೆಗೆದಳು. ಅರವತ್ತರ ಹೆಂಗಸು. ಹಿಂದೆ ಮಕ್ಕಳನ್ನು ಒಳಕೋಣೆಗೆ ನೂಕಿದ ಸದ್ದು.

"ಮಂಗಳವಾರ ನೀರು ಹಿಡದ್ರೇನಮ್ಮಾ?"

"ಹಿಡದ್ವಿ. ಸಬ್ ಜನ ಹಿಡದ್ರು, ನಾವೂ ಹಿಡದ್ವಿ."

"ಕುಡದ್ರಿ?"

"ಇನ್ನೂ ಕುಡ್ಯಾಕತ್ತೀವಿ. ಇಲ್ಲಾಂದ್ರ ಏನು ಕುಡಿಬೇಕು?" ಸುಗ್ರಾ ಅವಳ ಟೋಪಿಯಿಂದ ಬೂಟಿನವರೆಗೆ ನೋಡಿದಳು. "ನೀನೂ ಹೆಣ್ಣುಮಗಳು. ನೀರು ಹ್ಯಾಂಗ ಹಿಡೀತಿ? ಮೊದಲ ನೀರು ಅಂಗಳಕ್ಕ ಚೆಲ್ತೀವಿ, ಆಮ್ಯಾಲ ಕೊಡ ಇಡ್ತೀವಿ. ಅವರೂ ದಿನಾ ಹಂಗೇ ಮಾಡ್ತಾರ. ಆವತ್ತು ಅವರಿಗೆ ಹಬ್ಬ."

ಶಶಿಕಲಾ ಅಲ್ಲೇ ನಿಂತಳು. ಅಜ್ಜಿಯ ಮನೆಯ ಹಬ್ಬದ ಬೆಳಗು ನೆನಪಾಯಿತು. ಹಬ್ಬದ ದಿನ ಮೊದಲ ನೀರು ಚೆಲ್ಲುವಂತಿಲ್ಲ. ಯಾರೂ ಮುಟ್ಟುವ ಮೊದಲು ತುಂಬಿದ ಕೊಡ ದೇವರಿಗೆ ಮೀಸಲು. ಅದರಿಂದಲೇ ಪೂಜೆ, ಅದರಿಂದಲೇ ಎಡೆಯ ಅಡುಗೆ, ಉಳಿದದ್ದು ತೀರ್ಥವೆಂದು ಎಲ್ಲರ ಅಂಗೈಗೆ.

ಅವಳು ಮನೆ ಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದಳು. "ಮೀಸಲ ಕೊಡ ಇಟ್ಟಿದ್ರೇನು?"

ಇಟ್ಟಿದ್ದ ಮನೆಗಳಲ್ಲಿ ಜನ ಬಿದ್ದಿದ್ದರು. ಸೂತಕವೆಂದು ಹಬ್ಬ ಮಾಡದ ಎರಡು ಮನೆಗಳಲ್ಲಿ ಎಲ್ಲರೂ ಗಟ್ಟಿಯಾಗಿದ್ದರು. ಆ ಮನೆಗಳ ಒಬ್ಬ ಮುದುಕಿ, "ಸೂತಕನೂ ಒಮ್ಮೊಮ್ಮೆ ಕಾಯ್ತದ ನೋಡವ್ವಾ," ಎಂದಳು.

ಶಶಿಕಲಾ ಪರಮಣ್ಣನನ್ನು ಕರೆಸಿದಳು. "ಹೊಲಸು ಮೊದಲ ನೀರಿನ್ಯಾಗ ಮಾತ್ರ ಇತ್ತು. ಅಂದ್ರ ನೀರು ಬಿಡೋಕಿಂತ ಮೊದಲ, ಪೈಪು ಖಾಲಿ ಇದ್ದಾಗ ಒಳಗ ಹೊಕ್ಕಾದ. ಪೈಪು ಎಲ್ಲಿ ಹಾದುಹೋಗ್ಯಾದ?"

ಪರಮಣ್ಣ ಕಾಲಿನ ಬೆರಳಿನಿಂದ ಚರಂಡಿ ತೋರಿಸಿದ. "ಇದರಾಗೇ ರೀ. ರಸ್ತಾ ಅಗಿಯೋ ಕೆಲಸ ತಪ್ಪತದಂತ ಗುತ್ತಿಗೆದಾರ ಚರಂಡ್ಯಾಗ ಮಲಗಿಸಿ ಹೋಗ್ಯಾನ."

"ಯಾರಿಗೂ ಹೇಳಲಿಲ್ಲೇನು?"

"ಹೇಳಿದೆ. ನಿನಗ್ಯಾಕ ಅಂದ್ರು."

ಇಬ್ಬರು ಪಂಚರನ್ನು ನಿಲ್ಲಿಸಿ, ಚರಂಡಿಯ ಕೆಸರು ಎತ್ತಿಸಿದರು. ನೊಣ, ನಾತ; ರಾಧಾ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಫೋಟೋ ತೆಗೆದಳು. ಓಣಿಯ ಆರಂಭದಲ್ಲೇ, ಚಪ್ಪಡಿಯೊಂದರ ಕೆಳಗೆ, ಪೈಪಿನಲ್ಲಿ ಹೆಬ್ಬೆರಳು ಹೋಗುವಷ್ಟು ದುಂಡನೆಯ ತೂತು ಸಿಕ್ಕಿತು. ಅಂಚು ಸುಟ್ಟು ಕರಗಿತ್ತು. ಒಳಗೆ ಹಳೆಯ ಸೀರೆಯ ತುಂಡು ತುರುಕಿ, ಮೇಲೆ ಸೈಕಲ್ ಟ್ಯೂಬು ಸುತ್ತಿದ್ದರು.

"ಯಾರೋ ಕಳ್ಳ ಸಂಪರ್ಕ ತಗೊಂಡು, ಈಗ ಪೈಪು ಕಿತ್ತಾರ," ಎಂದ ಹನುಮೇಶ. "ಸೋಮವಾರ ರಾತ್ರಿ ಮಳಿ ಆಗಿ ಚರಂಡಿ ತುಂಬಿತ್ತು. ಖಾಲಿ ಪೈಪು ಸಂದಿನ್ಯಾಗಿಂದ ಎಳಕೊಂಡಾದ."

ಆ ಕಳ್ಳ ಪೈಪು ಯಾವ ಮನೆಗೆ ಹೋಗಿತ್ತೆಂದು ಹೇಳುವ ಗುರುತು ಇರಲಿಲ್ಲ. ತೂತಿನ ಸುತ್ತ ಎಂಟು ಮನೆಗಳು. ಅವುಗಳಲ್ಲಿ ನಳವಿಲ್ಲದ ಮನೆಗಳವರು ಬೀದಿ ನಳಕ್ಕೆ ಬರುತ್ತಿದ್ದರು. ನೀರಿನ ಹಿಂದಿನ ಸಂಜೆಯೇ ಅಲ್ಲಿ ಕೊಡ ಸಾಲಿಟ್ಟು ಪಾಳಿ ಹಿಡಿಯುವ ರೂಢಿ. ಒಡೆದ ಕೊಡವಾದರೂ ಸರಿ, ಅದು ಯಾರದೆಂದು ಎಲ್ಲರಿಗೂ ಗೊತ್ತು. ನಾಳೆಯ ಪಾಳಿಗೆ ಆಗಲೇ ಕೊಡಗಳು ಕೂತಿದ್ದವು.

"ಇವು ಯಾರ್ಯಾರವು?" ಶಶಿಕಲಾ ಅಲ್ಲಿದ್ದ ಹೆಂಗಸರನ್ನು ಕೇಳಿದಳು.

ಅವರು ಒಂದೊಂದಕ್ಕೂ ಹೆಸರು ಹೇಳಿದರು. ಆಸ್ಪತ್ರೆಯಲ್ಲಿದ್ದವರ ಕೊಡಗಳನ್ನೂ ನೆರೆಯವರು ತಂದಿಟ್ಟಿದ್ದರು.

"ಯಾರದು ಇಲ್ಲ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು ನಕ್ಕಳು. "ಗೋಪಮ್ಮನ ನೀಲಿ ಕೊಡ ಇಲ್ಲ. ತಿಂಗಳಾತು ಪಾಳಿಗೇ ಬಂದಿಲ್ಲ. ಒಬ್ಬಾಕಿ ಕಮ್ಮಿ ಆದ್ಲಲ್ಲ ಅಂತ ನಾವು ಸುಮ್ನಿದ್ವಿ."

ತಿಂಗಳಾತ್ರಿ ಮೇಡಂ, ಒಂದ ದಿನಾನೂ ಕಾಲೇಜು ತಪ್ಪಿಸಿದ್ದಿಲ್ಲ. ಶಶಿಕಲಾಗೆ ನಿನ್ನೆಯ ಆ ದನಿ ಕೇಳಿಸಿತು. ಮೋರಿಗೆ ಸುರಿದ ಲೋಟವೂ ಕಣ್ಣಿಗೆ ಬಂತು. ಹನುಮೇಶ ಏನೋ ಕೇಳುತ್ತಿದ್ದ. ಅವಳು ಹೆಂಗಸರತ್ತ ತಿರುಗಿ ಗೋಪಮ್ಮನ ಮನೆ ಯಾವುದೆಂದು ಕೇಳಿದಳು.

ಗೋಪಮ್ಮನ ಮನೆಯ ಹಿತ್ತಲಲ್ಲಿ, ಸಗಣಿ ಕುಳ್ಳಿನ ರಾಶಿಯ ಕೆಳಗೆ, ಹೊಲಕ್ಕೆ ಹನಿ ನೀರು ಬಿಡುವ ಕಪ್ಪು ಪೈಪಿನ ಸುರುಳಿ ಸಿಕ್ಕಿತು. ಮೂಲೆಯಲ್ಲಿ ತುದಿ ಕಪ್ಪಾದ ಕಬ್ಬಿಣದ ಸಲಾಕೆ. ಪಂಚನಾಮೆ ಬರೆದು ಮುಗಿಸಿದಾಗ ನಾಲ್ಕು ಗಂಟೆ. ಹೆಣ್ಣುಮಗಳನ್ನು ಸೂರ್ಯ ಮುಳುಗಿದ ಮೇಲೆ ಬಂಧಿಸುವಂತಿಲ್ಲ. ಜೀಪು ಮಾನ್ವಿಗೆ ಓಡಿತು.

ಗೋಪಮ್ಮ ವರಾಂಡದ ಕಂಬಕ್ಕೆ ಒರಗಿ ಕೂತಿದ್ದಳು. ಇವರನ್ನು ಕಂಡು ತಾನೇ ಎದ್ದಳು.

"ಆಕಿ ಮಲಗ್ಯಾಳ. ಇಲ್ಲೇ ಬ್ಯಾಡ್ರಿ, ಹೊರಗ ನಡೀರಿ," ಎಂದಳು.

ಜೀಪಿನ ಹತ್ತಿರ ರಾಧಾ ಬಂಧನದ ಕಾರಣ ಓದಿ ಹೇಳಿದಳು. ಗಂಟೆ ಐದೂಕಾಲು. ಗೋಪಮ್ಮ ತಲೆಯಾಡಿಸಿದಳು. ಠಾಣೆಯಲ್ಲಿ ನೀರು ಕೊಟ್ಟರೆ ಮುಟ್ಟಲಿಲ್ಲ.

"ಪೈಪು ಅಲ್ಲೇ ಅದ ಅಂತ ಹ್ಯಾಂಗ ಗೊತ್ತಾತು?"

"ಹಾಕುವಾಗ ಕೂಲಿಗೆ ನಾನೇ ಹೋಗಿದ್ದೆ ರೀ. ಚರಂಡಿ ಕೆಸರು ಎತ್ತಿದ್ದು ನಾವೇ."

"ಅರ್ಜಿ ಹಾಕಿ ನಳ ತಗೋಬೇಕಿತ್ತು."

"ಮನಿ ಕಾಗದ ಇಲ್ಲ ಅಂದ್ರು. ಕಾಗದ ಇಲ್ದಾಕಿಗೆ ನೀರಡಿಕಿನೂ ಇರಂಗಿಲ್ಲೇನು ಅಂದೆ. ನಕ್ಕರು." ಗೋಪಮ್ಮ ಸೆರಗಿನ ತುದಿ ಸುತ್ತುತ್ತಿದ್ದಳು. "ನಾನು ಬೆಳಕು ಹರಿಯೋದ್ರಾಗ ಹೊಲಕ್ಕ ಹೋಗಬೇಕು. ಪಾಳಿಗೆ ಮಗಳೇ ನಿಂದರಬೇಕು. ನೀರು ಬರೋದೂ ಆಕಿ ಬಸ್ ಹೋಗೋದೂ ಒಂದೇ ಹೊತ್ತು. ನೀರು ತಾನೇ ಮನ್ಯಾಗ ಬಂದು ತುಂಬಲಿ ಅಂತ ಸಲಾಕಿ ಕಾಸಿ ತೂತು ಮಾಡಿದೆ. ಗಟ್ಟಿ ಸುತ್ತಿದ್ದೆ ರೀ. ಗಟ್ಟಿ ಸುತ್ತೀನಿ ಅಂದ್ಕೊಂಡಿದ್ದೆ."

"ಯಾವಾಗ ಗೊತ್ತಾತು?"

"ಬುಧವಾರ. ಓಣ್ಯಾಗ ಎಲ್ಲಾರೂ ಬಿದ್ದಾಗ. ರಾತ್ರೋರಾತ್ರಿ ಕಿತ್ತೆ. ನಾನೂ ಮೀಸಲ ಕೊಡ ಇಟ್ಟಿದ್ದೆ ನೋಡ್ರಿ. ಆಕಿಗೂ ನಾನೇ ತೀರ್ಥ ಕೊಟ್ಟೆ."

ರಾಧಾ ಬರೆಯುವುದನ್ನು ನಿಲ್ಲಿಸಿದಳು. ಶಶಿಕಲಾ ಅವಳಿಗೆ ಚಹಾ ತರಲು ಹೇಳಿ ಹೊರಗೆ ಕಳಿಸಿದಳು.

ಇಬ್ಬರೇ ಉಳಿದಾಗ ಗೋಪಮ್ಮ ಮೊದಲ ಬಾರಿ ಅವಳ ಕಣ್ಣು ನೋಡಿದಳು. "ಆದೆಮ್ಮತ್ತಿ ಸತ್ತದ್ದಕ್ಕ ನನಗೇನು ಶಿಕ್ಷಾ ಕೊಡ್ತೀರೋ ಕೊಡ್ರಿ. ಮಗಳ ಸಲುವಾಗಿ ಮಾಡಿದೆ ಅಂತ ಮಾತ್ರ ಬರೀಬ್ಯಾಡ್ರಿ. ಓದೋ ಹುಡುಗಿ, ಕಾಗದ ಸಿಕ್ರ ಓದ್ತಾಳ. ತನ್ನ ಕಾಲೇಜಿಗೆ ಒಂದು ಜೀವ ಹೋತು ಅಂತ ತಿಳದ್ರ ಆ ಮೆಟ್ಟಲಾ ಹತ್ತಂಗಿಲ್ಲ ಆಕಿ."

"ಬರದ್ರ ಕೋರ್ಟಿನ್ಯಾಗ ನಿನಗ ಅನುಕೂಲ ಆಕ್ಕದ."

"ನನಗ ಬ್ಯಾಡ್ರಿ."

ಸರ್ಕಲ್ ಇನ್‌ಸ್ಪೆಕ್ಟರ್ ಫೋನಿನಲ್ಲಿ ಶಹಬ್ಬಾಸ್ ಎಂದರು. ಪೈಪು ಚರಂಡಿಯಲ್ಲಿತ್ತು ಎಂಬುದನ್ನು ಅಷ್ಟು ಉದ್ದ ಬರೆಯುವ ಅಗತ್ಯವಿರಲಿಲ್ಲ ಎಂದೂ ಹೇಳಿದರು. ಪಂಚರ ಸಹಿ ಆಗಿದೆ ಸರ್ ಎಂದಳು ಶಶಿಕಲಾ.

ಶನಿವಾರ ಬೆಳಗ್ಗೆ ತೂತಿದ್ದ ಪೈಪಿನ ತುಂಡು ಕತ್ತರಿಸಿ ಹೊಸದು ಕೂಡಿಸಿದ ಮೇಲೆ ಪರಮಣ್ಣ ವಾಲ್ವು ತಿರುಗಿಸಿದ. ಓಣಿಯ ಹೆಂಗಸರು ಬಾಗಿಲಲ್ಲಿ ಕೊಡ ಹಿಡಿದು, ನೀರು ಬಂದರೂ ಒಡ್ಡದೆ ನೋಡುತ್ತ ನಿಂತರು. ಸುಗ್ರಾ ಬೇಗಂ ಮೊದಲ ಬಕೆಟ್ಟನ್ನು ಅಂಗಳಕ್ಕೆ ಚೆಲ್ಲಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಚೆಲ್ಲಿದರು. ಮುದುಕಪ್ಪನ ಮನೆಯ ನಳದಿಂದ ನೀರು ತಾನಾಗಿ ಹರಿದು ಹೋಗುತ್ತಿತ್ತು. ಹಿಡಿಯುವವರಿರಲಿಲ್ಲ.

ಅದೇ ಮಧ್ಯಾಹ್ನ ಆಸ್ಪತ್ರೆಯಿಂದ ಬಿಟ್ಟ ಸವಿತಾ, ಪುಸ್ತಕದ ಚೀಲ ಹಿಡಿದು ಸೀದಾ ಠಾಣೆಗೆ ಬಂದಳು. ತುಟಿ ಒಣಗಿತ್ತು.

"ನಮ್ಮವ್ವ ಯಾಕ ಹಂಗ ಮಾಡಿದ್ಲು ಅಂತ ಹೇಳಿದ್ಲೇನ್ರಿ ಮೇಡಂ?"

"ನೀರು ಬೇಕಿತ್ತಂತ."

"ಅಷ್ಟೇನಾ?"

"ಅಷ್ಟೇ."

ಹುಡುಗಿ ಅವಳನ್ನು ನೋಡುತ್ತ ನಿಂತಳು. ಅನುಮಾನ ಗೋಪಮ್ಮನ ಕಡೆ ತಿರುಗಿದ್ದು ಹೇಗೆ ಎಂಬ ಸಾಲು ಕಡತದಲ್ಲಿ ಇನ್ನೂ ಖಾಲಿ ಇತ್ತು. ಪಾಳಿಯಲ್ಲಿ ಕಾಣದ ನೀಲಿ ಕೊಡವೊಂದು ಸಾಕು, ಅದು ಸುಳ್ಳೂ ಅಲ್ಲ. ಆಸ್ಪತ್ರೆಯ ಮಂಚದಲ್ಲಿ ಈ ಹುಡುಗಿ ಆಡಿದ ಮಾತು ಅಲ್ಲಿಗೆ ಬರುವುದಿಲ್ಲ. ಕಾರಣದ ಜಾಗದಲ್ಲಿ ಒಂದೇ ಪದ ಇರುತ್ತದೆ: ನೀರು. ಗೋಪಮ್ಮನ ಹೇಳಿಕೆಯನ್ನು ರಾಧಾ ಅರ್ಧ ಬರೆದಿಟ್ಟ ಹಾಳೆಯನ್ನು ಶಶಿಕಲಾ ಮಡಚಿ ತನ್ನ ಕಿಸೆಯಲ್ಲಿಟ್ಟುಕೊಂಡಳು.

"ಸೋಮವಾರ ಬಸ್ ಎಷ್ಟಕ್ಕ?" ಎಂದು ಕೇಳಿದಳು.

"ಆರೂವರಿಗೆ ರೀ."

"ತಪ್ಪಿಸಬ್ಯಾಡ," ಎಂದಳು, ಮತ್ತು ಹನುಮೇಶ ಒಳಗೆ ಬಂದು ಏನಾದರೂ ಬರೆಯುವುದು ಉಳಿದಿದೆಯೇ ಎಂದು ಕೇಳಿದಾಗ, ಏನೂ ಇಲ್ಲವೆಂದು ತಲೆಯಾಡಿಸಿದಳು.