ಹತ್ತನೆಯ ಸಾಮಾನು

ಟಕ್. ಟಕ್. ಟಕಟಕ್. ಟಕ್.

ನಿಕಿತಾ ಕಣ್ಣು ತೆರೆದಳು. ಅದು ತನ್ನ ಮನೆಯ ಸದ್ದಲ್ಲ ಎಂದು ಮೊದಲು ಗೊತ್ತಾಯಿತು. ತಾನು ತನ್ನ ಮನೆಯಲ್ಲೇ ಇಲ್ಲ ಎಂಬುದು ಆಮೇಲೆ ನೆನಪಾಯಿತು. ಇದು ಗೆಳತಿ ಕ್ಲೋಯಿಯ ಮನೆ. ಅಮ್ಮನಿಗೆ ಆಸ್ಪತ್ರೆಯಲ್ಲಿ ನೈಟ್ ಶಿಫ್ಟ್, ಅಪ್ಪ ಆಫೀಸಿನ ಕೆಲಸವೆಂದು ಏಪೆಕ್ಸ್ ಊರಿಗೆ ಹೋಗಿದ್ದರು. ಹಾಗಾಗಿ ಇವತ್ತು ಸ್ಲೀಪ್‌ಓವರ್.

ಕ್ಲೋಯಿ ಪಕ್ಕದಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದಳು. ಅವಳಿಗೆ ಫೈರ್ ಅಲಾರ್ಮ್ ಹೊಡೆದರೂ ಎಚ್ಚರವಾಗುವುದಿಲ್ಲ. ನಿಕಿತಾ ಹಾಗಲ್ಲ. ಫ್ರಿಜ್ ಗುರ್ ಎಂದರೂ ಎದ್ದು ಕೂರುವವಳು.

ಟಕ್. ಟಕ್. ಟಕಟಕ್. ಟಕ್. ಯಾರೋ ಮೆಲ್ಲಗೆ "ಯಾ" ಎಂದರು. ಅಲ್ಲಿಗೆ ಸದ್ದು ನಿಂತಿತು.

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮೊದಲಿಂದ ಶುರುವಾಯಿತು. ಮತ್ತೆ 'ಯಾ' ಬಳಿ ಬಂದು ನಿಂತಿತು. ಮೂರನೆಯ ಸಲವೂ ಹಾಗೇ ಆದಾಗ ನಿಕಿತಾಳಿಗೆ ಮಲಗಿರಲು ಆಗಲಿಲ್ಲ. ಸಾಕ್ಸ್ ಹಾಕಿಕೊಂಡು ಒಂದೊಂದೇ ಮೆಟ್ಟಿಲು ಇಳಿದಳು.

ಅಡುಗೆಮನೆಯಲ್ಲಿ ಕ್ಲೋಯಿಯ ಅಜ್ಜ ಕೂತಿದ್ದರು. ಅಮ್ಮನ ಅಪ್ಪನಿಗೆ ಕ್ಲೋಯಿ 'ಗೊಂಗ್‌ಗೊಂಗ್' ಎನ್ನುತ್ತಾಳೆ, ನಿಕಿತಾಳೂ ಹಾಗೇ ಕರೆಯುತ್ತಾಳೆ. ಅವರ ಮುಂದೆ ಒಂದು ನೋಟ್‌ಬುಕ್ ಇತ್ತು. ಕೈಯಲ್ಲಿದ್ದ ಚಾಪ್‌ಸ್ಟಿಕ್‌ನಿಂದ ಮೇಜಿನ ಅಂಚಿಗೆ ತಟ್ಟುತ್ತಿದ್ದರು.

ಏನು ನಡೆಯುತ್ತಿದೆ ಎಂದು ನಿಕಿತಾಳಿಗೆ ತಕ್ಷಣ ಅರ್ಥವಾಯಿತು. ನಾಳೆ ಅಮೆರಿಕದ ಈ ಡುಲುತ್ ಊರಿನ ದೊಡ್ಡ ಹಾಲ್‌ನಲ್ಲಿ ಚೀನೀ ಹೊಸ ವರ್ಷದ ಶೋ. ಗೊಂಗ್‌ಗೊಂಗ್ ಅವರ ತಂಡ ಒಂದು ಚೈನೀಸ್ ಒಪೆರಾ ಆಡುತ್ತದೆ. ಡೋಲು, ಹಾಡು, ಬಣ್ಣ ಬಳಿದ ಮುಖಗಳು, ಉದ್ದುದ್ದ ತೋಳಿನ ಬಟ್ಟೆ. ಇದನ್ನೆಲ್ಲ ಕೇಳಿದ ಅಮ್ಮ, "ನಮ್ಮ ಯಕ್ಷಗಾನದ ಹಾಗೇ ಅಲ್ವಾ?" ಎಂದಿದ್ದಳು. ಅದರಲ್ಲಿ ಗೊಂಗ್‌ಗೊಂಗ್ ವಿದೂಷಕ. ಒಬ್ಬ ಪೆದ್ದ ನ್ಯಾಯಾಧೀಶ. ಒಂದು ಮನೆಯಿಂದ ಕಳುವಾದ ಹನ್ನೆರಡು ಸಾಮಾನುಗಳ ಪಟ್ಟಿಯನ್ನು ಅವನು ಬಿದಿರು ಚಿಟಿಕೆಯ ತಾಳಕ್ಕೆ ಸರಿಯಾಗಿ ಪಟಪಟ ಒದರಬೇಕು.

ಮಲಗುವ ಮುಂಚೆ ಕ್ಲೋಯಿ ಇನ್ನೊಂದು ವಿಷಯವನ್ನೂ ಹೇಳಿದ್ದಳು. ಹೋದ ಸಲ, ಶರತ್ಕಾಲದ ಹಬ್ಬದಲ್ಲಿ, ಗೊಂಗ್‌ಗೊಂಗ್ ಪಟ್ಟಿಯ ನಡುವೆ ಮರೆತು ನಿಂತುಬಿಟ್ಟಿದ್ದರಂತೆ. ತಂಡವನ್ನು ನಡೆಸುವವರು ಕ್ಲೋಯಿಯ ಅಮ್ಮ ಲಿಲಿ ಆಂಟಿ. ನಾಳೆಯೂ ಹಾಗಾದರೆ ಮುಂದಿನ ವರ್ಷ ಆ ಪಾರ್ಟ್ ಬೇರೆಯವರಿಗೆ ಎಂದು ಅವರು ಹೇಳಿಬಿಟ್ಟಿದ್ದಾರೆ. ಗೊಂಗ್‌ಗೊಂಗ್ ತಮ್ಮ ಹತ್ತೊಂಬತ್ತನೇ ವಯಸ್ಸಿನಿಂದ ವಿದೂಷಕನೇ. ಈಗ ಅವರಿಗೆ ಎಪ್ಪತ್ತೆಂಟು.

ಅವರು ತಲೆಯೆತ್ತಿ ನಿಕಿತಾಳನ್ನು ನೋಡಿದರು. ಬೈಯಲಿಲ್ಲ. ತಟ್ಟೆಯಲ್ಲಿದ್ದ ಕಡಲೆಕಾಯಿ ಬೀಜವನ್ನು ಅವಳತ್ತ ಸರಿಸಿದರು.

"ಒಂಬತ್ತು ಓಕೆ," ಎಂದರು, ತಮಗೆ ಬರುವ ನಾಲ್ಕು ಇಂಗ್ಲಿಷ್ ಮಾತಿನಲ್ಲಿ. "ಹತ್ತು, ರನ್ ಅವೇ."

ಒಂಬತ್ತನೆಯದು ಬಾತುಕೋಳಿ. ಅದಕ್ಕೇ ಅವರು ಚೈನೀಸ್‌ನಲ್ಲಿ 'ಯಾ' ಎನ್ನುತ್ತಿದ್ದುದು. ಮೊಣಕೈ ಬಡಿದು, ಕತ್ತು ಉದ್ದ ಮಾಡಿ ತೋರಿಸಿದರು. ಹತ್ತನೆಯದು ಏನೆಂದು ನೋಟ್‌ಬುಕ್ ನೋಡಿ, ಫ್ರಿಜ್ ಪಕ್ಕದ ಮೂಲೆಗೆ ಬೆರಳು ಮಾಡಿದರು. ಅಲ್ಲಿ ಪೊರಕೆ ನಿಂತಿತ್ತು.

ಅವರು ಮತ್ತೆ ತಟ್ಟತೊಡಗಿದರು. ಬಾತುಕೋಳಿ ಬಂದು ನಿಂತ ಕೂಡಲೇ ನಿಕಿತಾ ಎರಡೂ ಕೈಯಿಂದ ಗಾಳಿಯನ್ನು ಗುಡಿಸಿದಳು. ಗೊಂಗ್‌ಗೊಂಗ್ ನಕ್ಕು ಹತ್ತು, ಹನ್ನೊಂದು, ಹನ್ನೆರಡನ್ನು ಓಡಿಸಿದರು. ಮೂರು ಸಲ ಗುಡಿಸಬೇಕಾಯಿತು. ನಾಲ್ಕನೆಯ ಸಲ ಬೇಕಾಗಲಿಲ್ಲ.

ಯಾರಿಗೂ ಹೇಳಬೇಡ ಎಂದು ಅವರು ಹೇಳಲಿಲ್ಲ. ನೋಟ್‌ಬುಕ್ಕನ್ನು ಅಕ್ಕಿ ಡಬ್ಬದೊಳಗೆ ಇಟ್ಟು ಮುಚ್ಚಳ ಒತ್ತಿದರು, ಅಷ್ಟೇ.

*

ಮರುದಿನ ಹಾಲ್‌ನ ಹಿಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಡೋಲಿನವರು ತಮ್ಮ ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡಿದ್ದರು. ಬಣ್ಣದ ಡಬ್ಬಿಗಳು ತೆರೆದಿದ್ದವು, ಕನ್ನಡಿಗಳ ಮುಂದೆ ಜನ ಕೂತಿದ್ದರು. ಆದರೆ ಯಾರೂ ಬಣ್ಣ ಹಚ್ಚಿಕೊಳ್ಳುತ್ತಿರಲಿಲ್ಲ.

ಮನೆಯಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ನಿಕಿತಾ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಬರೆದ ಹಾಳೆ ದಾಟುವುದಂತೂ ಇಲ್ಲವೇ ಇಲ್ಲ. ಇಲ್ಲಿ ಮುಂದೆ ಹಾಳೆ, ಪಕ್ಕದಲ್ಲಿ ಹಾಳೆ. ಅವಳು ಹಿಂದೆ ಹಿಂದೆ ಸರಿದು, ಗೋಡೆಯ ಬಳಿ ಇದ್ದ ಕೆಂಪು ಪೆಟ್ಟಿಗೆಯ ಮೇಲೆ ಕೂತು ಕಾಲು ಮೇಲೆತ್ತಿಕೊಂಡಳು. ಅಬ್ಬ, ಸದ್ಯ ಎಂದುಕೊಂಡಳು.

ಎಲ್ಲರೂ ಅವಳತ್ತ ತಿರುಗಿದರು.

"ನಿಕ್ಕಿ, ಏಳು. ಏಳೇ," ಎಂದು ಕ್ಲೋಯಿ ಪಿಸುಗುಟ್ಟಿದಳು. "ಕಾಸ್ಟ್ಯೂಮ್ ಪೆಟ್ಟಿಗೆ ಅದು. ಅದರ ಮೇಲೆ ವಿದೂಷಕ ಬಿಟ್ಟು ಯಾರೂ ಕೂರೋ ಹಾಗಿಲ್ಲ. ರೂಲ್."

ಬಹಳ ಹಿಂದೆ ಒಬ್ಬ ಚಕ್ರವರ್ತಿ ನಾಟಕದ ಹುಚ್ಚಿಗೆ ಬಿದ್ದು ತಾನೇ ವಿದೂಷಕನ ವೇಷ ಹಾಕುತ್ತಿದ್ದನಂತೆ. ಅಂದಿನಿಂದ ವಿದೂಷಕನಿಗೆ ಎಲ್ಲ ಮರ್ಯಾದೆ. ಬಣ್ಣವನ್ನೂ ಮೊದಲು ಅವನೇ ಹಚ್ಚಿಕೊಳ್ಳಬೇಕು, ಉಳಿದವರು ಆಮೇಲೆ. ಅದಕ್ಕೇ ಎಲ್ಲರೂ ಗೊಂಗ್‌ಗೊಂಗ್‌ಗಾಗಿ ಕಾಯುತ್ತಿದ್ದರು. ಅವರು ಇಪ್ಪತ್ತು ನಿಮಿಷದಿಂದ ಬಾತ್‌ರೂಮಿನಲ್ಲಿದ್ದರು. ಏಕೆಂದು ನಿಕಿತಾಳಿಗೆ ಮಾತ್ರ ಗೊತ್ತಿತ್ತು.

ಅವಳು ಏಳಬೇಕೆಂದುಕೊಂಡಳು. ಎದ್ದರೆ ಹಾಳೆಯ ಮೇಲೆ ಕಾಲು. ಕೂತರೆ ತಪ್ಪು. ಲಿಲಿ ಆಂಟಿಯ ಹುಬ್ಬು ಗಂಟಾಗಿತ್ತು.

ಆಗ ಗೊಂಗ್‌ಗೊಂಗ್ ಒಳಗೆ ಬಂದರು. ಪೆಟ್ಟಿಗೆ ನೋಡಿದರು, ಅದರ ಮೇಲಿದ್ದ ನಿಕಿತಾಳನ್ನು ನೋಡಿದರು. ನೇರವಾಗಿ ಕನ್ನಡಿಯ ಮುಂದೆ ಹೋಗಿ, ಬ್ರಶ್ ಅದ್ದಿ ಮೂಗಿನ ಮೇಲೆ ಬಿಳಿ ಚೌಕ ಬಳಿದುಕೊಂಡರು. ಅದೇ ಬ್ರಶ್ ಹಿಡಿದು ಬಂದು ನಿಕಿತಾಳ ಮೂಗಿಗೂ ಅಂಥದೇ ಒಂದು ಚೌಕ ಎಳೆದು ಏನೋ ಹೇಳಿದರು. ಕೋಣೆಯಿಡೀ ನಕ್ಕಿತು. ಡೋಲಿನವರು ಬಗ್ಗಿ ಹಾಳೆಗಳನ್ನು ಎತ್ತಿಕೊಂಡರು. ಎಲ್ಲರ ಕೈಯಲ್ಲೂ ಬ್ರಶ್ ಓಡಾಡತೊಡಗಿತು.

"ಪೆಟ್ಟಿಗೆ ಮೇಲೆ ಕೂತಿದ್ದಾಳೆ ಅಂದ್ರೆ ಅವಳೂ ವಿದೂಷಕನೇ, ಇವತ್ತು ನಾವು ಇಬ್ಬರು ಅಂತೆ," ಎಂದು ಕ್ಲೋಯಿ ಹೇಳಿದಳು. ಆಮೇಲೆ ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಟಳು. ಸ್ಕ್ರೀನ್ ಮೇಲೆ ಇಂಗ್ಲಿಷ್ ಸಾಲುಗಳ ಸ್ಲೈಡ್ ಬದಲಿಸುವುದು ಅವಳ ಕೆಲಸ. ಒಂದು ವಾರ ಪ್ರಾಕ್ಟೀಸ್ ಮಾಡಿದ್ದಳು.

*

ನಿಕಿತಾ ವೇದಿಕೆಯ ಪಕ್ಕದ ಪರದೆಯ ಮರೆಯಲ್ಲಿ ನಿಂತಳು. ಗೊಂಗ್‌ಗೊಂಗ್ ವೇದಿಕೆಗೆ ಕಾಲಿಟ್ಟ ಕೂಡಲೇ ಜನ ನಗಲು ಶುರು ಮಾಡಿದರು. ಅವರ ಟೋಪಿಯ ಎರಡು ಕಡೆ ಎರಡು ದುಂಡನೆಯ ರೆಕ್ಕೆ. ನಡೆದರೆ ಅವು ತಲೆದೂಗುತ್ತಿದ್ದವು.

ಪಟ್ಟಿ ಶುರುವಾಯಿತು. ಟಕ್. ಟಕ್. ಟಕಟಕ್. ನಿಕಿತಾ ಬೆರಳು ಮಡಚಿ ಎಣಿಸಿದಳು. ಏಳು. ಎಂಟು. ಯಾ.

ನಿಂತಿತು.

ಬಿದಿರು ಚಿಟಿಕೆಯವರು ಇನ್ನೊಮ್ಮೆ ತಟ್ಟಿದರು. ಮತ್ತೊಮ್ಮೆ ತಟ್ಟಿದರು. ಸ್ಕ್ರೀನ್ ಮೇಲೆ 'ಒಂದು ಬಾತುಕೋಳಿ' ಎಂಬ ಸಾಲು ಹಾಗೇ ಉಳಿಯಿತು. ಎದುರು ಬದಿಯಲ್ಲಿ ನಿಂತಿದ್ದ ಲಿಲಿ ಆಂಟಿ ಕಣ್ಣು ಮುಚ್ಚಿಕೊಂಡರು. ಗೊಂಗ್‌ಗೊಂಗ್ ಮುಖ ನಗುತ್ತಲೇ ಇತ್ತು. ಆದರೆ ಕಣ್ಣು ನಿಕಿತಾ ನಿಂತಿದ್ದ ಕಡೆ ಹೊರಳಿತು.

ಅವರು ಟೋಪಿಯ ರೆಕ್ಕೆ ಆಡಿಸುತ್ತ ಪರದೆಯ ಬಳಿ ನಡೆದು ಬಂದರು. ನಿಕಿತಾಳ ಕೈ ಹಿಡಿದು ಬೆಳಕಿಗೆ ಎಳೆದುಕೊಂಡು ಹೋದರು. ಚೈನೀಸ್‌ನಲ್ಲಿ ಗಟ್ಟಿಯಾಗಿ ಏನೋ ಕೇಳಿದರು.

ಮುನ್ನೂರು ಜನ ಅವಳನ್ನೇ ನೋಡುತ್ತಿದ್ದರು. ನಿಕಿತಾಳಿಗೆ ಇಂಗ್ಲಿಷೇ ಮರೆತುಹೋಯಿತು. ಬಾಯಿಗೆ ಬಂದದ್ದು ಮನೆಯಲ್ಲಿ ಅಮ್ಮ ಪೊರಕೆಗೆ ಹೇಳುವ ಮಾತು ಮಾತ್ರ.

"ಅಜ್ಜ, ಹಿಡಿಸೂಡಿ."

ಹೇಳಿ, ಎರಡೂ ಕೈಯಿಂದ ವೇದಿಕೆ ಗುಡಿಸಿದಳು.

ಹಾಲ್‌ನ ಹಿಂದಿನ ಸಾಲಿನಿಂದ ನಗು ಎದ್ದು ಮುಂದಿನವರೆಗೂ ಬಂತು. ಗೊಂಗ್‌ಗೊಂಗ್ ಜನರ ಕಡೆ ತಿರುಗಿ ಇಂಗ್ಲಿಷ್‌ನಲ್ಲಿ, "ಮೈ ಅಸಿಸ್ಟೆಂಟ್. ವೆರಿ ಸ್ಟ್ರಿಕ್ಟ್," ಎಂದರು. ನಿಕಿತಾಳ ಜೊತೆ ತಾವೂ ಗುಡಿಸುತ್ತ ಹತ್ತನ್ನು ಹೇಳಿದರು. ಹನ್ನೊಂದು, ಹನ್ನೆರಡು ತಾವಾಗೇ ಹಿಂಬಾಲಿಸಿದವು.

*

ಹಿಂದಿನ ಕೋಣೆಯಲ್ಲಿ ಎಲ್ಲರೂ ಇಬ್ಬರ ಬೆನ್ನು ತಟ್ಟಿದರು. ಒಪೆರಾದಲ್ಲಿ ಸ್ವಂತ ಮಾತು ಸೇರಿಸುವ ಹಕ್ಕು ಇರುವುದೂ ವಿದೂಷಕನಿಗೇ ಅಂತೆ. ಇಷ್ಟು ಚೆನ್ನಾಗಿರುವ ಜೋಕನ್ನು ತನಗೂ ಹೇಳದೆ ಸೇರಿಸಿದ್ದಕ್ಕೆ ಲಿಲಿ ಆಂಟಿ ಅಪ್ಪನನ್ನು ಸುಳ್ಳುಸುಳ್ಳೇ ಗದರಿದರು. ಮುಂದಿನ ವರ್ಷವೂ ಅದು ಇರಲೇಬೇಕು ಎಂದರು.

ಕ್ಲೋಯಿ ಮಾತ್ರ ನಗಲಿಲ್ಲ. ಲ್ಯಾಪ್‌ಟಾಪ್ ಎದೆಗೆ ಒತ್ತಿಕೊಂಡು ನಿಂತಿದ್ದಳು.

"ನಾನು ಮಲಗಿದಾಗ ನೀವಿಬ್ಬರೂ ಪ್ರಾಕ್ಟೀಸ್ ಮಾಡಿದ್ರಿ, ಅಲ್ವಾ?" ಎಂದಳು. "ಬಾತುಕೋಳಿ ಸ್ಲೈಡ್ ಅಲ್ಲೇ ನಿಂತಿತ್ತು. ನಾನೇ ಮಿಸ್ಟೇಕ್ ಮಾಡಿದೆ ಅಂತ ಎಲ್ಲರೂ ತಿರುಗಿ ನನ್ನನ್ನ ನೋಡಿದ್ರು. ಅವರು ನನ್ನ ಗೊಂಗ್‌ಗೊಂಗ್, ನಿಕ್ಕಿ. ನನಗೆ ಯಾಕೆ ಹೇಳಲಿಲ್ಲ?"

ಅದು ಜೋಕ್ ಅಲ್ಲ, ಅವರಿಗೆ ಮರೆತುಹೋಯಿತು. ಇಷ್ಟು ಹೇಳಿದರೆ ಸಾಕಿತ್ತು, ಕ್ಲೋಯಿಯ ಮುಖ ಸರಿಹೋಗುತ್ತಿತ್ತು. ಮಾತು ನಿಕಿತಾಳ ನಾಲಿಗೆಯ ತುದಿಗೆ ಬಂದಿತ್ತು.

ಗೊಂಗ್‌ಗೊಂಗ್ ಕನ್ನಡಿಯ ಮುಂದೆ ಬಣ್ಣ ಒರೆಸಿಕೊಳ್ಳುತ್ತಿದ್ದರು. ಮೂಗಿನ ಬಿಳಿ ಅರ್ಧ ಹೋಗಿತ್ತು. ಅವರ ಕೈ ಅಲ್ಲೇ ನಿಂತಿತ್ತು. ಕನ್ನಡಿಯೊಳಗಿನಿಂದ ಅವರು ನಿಕಿತಾಳನ್ನೇ ನೋಡುತ್ತಿದ್ದರು. ಬಣ್ಣ ಹೋದ ಕಡೆ ಮುಖ ತುಂಬ ಮುದಿಯಾಗಿ ಕಾಣುತ್ತಿತ್ತು. ಅವರ ಪಕ್ಕದಲ್ಲೇ ಲಿಲಿ ಆಂಟಿ ಏನೋ ಹಾಡು ಗುನುಗುತ್ತ ಬಟ್ಟೆ ಮಡಚುತ್ತಿದ್ದರು.

"ಸಾರಿ, ಕ್ಲೋಯಿ," ಎಂದಳು ನಿಕಿತಾ.

"ಸಾರಿ ಅಂದ್ರೆ?"

"ಸಾರಿ, ಅಷ್ಟೇ."

ಕ್ಲೋಯಿ ಲ್ಯಾಪ್‌ಟಾಪ್ ಕೆಳಗಿಟ್ಟು, ಅಲ್ಲಿದ್ದ ಕಿತ್ತಳೆ ಹಣ್ಣೊಂದನ್ನು ಸುಲಿದು, ದೊಡ್ಡ ಅರ್ಧವನ್ನು ತಾನೇ ತಿಂದಳು. ಚಿಕ್ಕ ಅರ್ಧವನ್ನು ಪೆಟ್ಟಿಗೆಯ ಮೇಲೆ ಇಟ್ಟು, ನಿಕಿತಾಳತ್ತ ನೋಡದೆ ಹೋದಳು.

ನಿಕಿತಾಳನ್ನು ಕರೆದೊಯ್ಯಲು ಅಮ್ಮ ಆಸ್ಪತ್ರೆಯ ಡ್ಯೂಟಿ ಬಟ್ಟೆಯಲ್ಲೇ ಕಾರು ತಂದಿದ್ದಳು.

"ಮೂಗಿಗೆ ಏನೇ ಅದು? ಅಲ್ಲಿ ಏನಾದ್ರೂ ಮುಟ್ಟಿ ಗಿಟ್ಟಿ ಗಲಾಟೆ ಮಾಡ್ಲಿಲ್ಲ ತಾನೇ?"

ನಿಕಿತಾ ಪೆಟ್ಟಿಗೆಯ ಕತೆ ಹೇಳಿದಳು. ಅಮ್ಮ ಸ್ಟಿಯರಿಂಗ್ ತಟ್ಟಿ ನಕ್ಕಳು. ಭಾನುವಾರ ಲಿಲಿಗೆ ಫೋನ್ ಮಾಡಿದಾಗ ಕೇಳುತ್ತೇನೆ ಎಂದಳು. ಅಮ್ಮ ಪ್ರತಿ ಭಾನುವಾರ ಲಿಲಿ ಆಂಟಿಗೆ ಫೋನ್ ಮಾಡುತ್ತಾಳೆ. ಹಾಗೆ ಮಾಡಿದಾಗ ಎಲ್ಲವನ್ನೂ ಹೇಳುತ್ತಾಳೆ.

"ಆಮೇಲೆ?" ಎಂದಳು ಅಮ್ಮ.

ಪ್ಲೆಸೆಂಟ್ ಹಿಲ್ ರೋಡಿನಲ್ಲಿ ಸಿಗ್ನಲ್ ಕೆಂಪಾಯಿತು. ನಿಕಿತಾ ಕಿಟಕಿಯ ಗಾಜಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಒಂಬತ್ತು ಸಲ. ಕ್ಲೋಯಿಗೂ ಇಲ್ಲ, ಅಮ್ಮನಿಗೂ ಇಲ್ಲ, ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿದಳು.

"ಆಮೇಲೆ ಎಲ್ಲರೂ ನಕ್ಕರು," ಎಂದಳು.

ಹತ್ತನೆಯದನ್ನು ಅವಳು ತಟ್ಟಲಿಲ್ಲ. ಗಾಜಿನ ಮೇಲೆ ಬೆರಳನ್ನು ಸದ್ದಿಲ್ಲದೆ ಪಕ್ಕಕ್ಕೆ ಎಳೆದಳು, ಗುಡಿಸಿದ ಹಾಗೆ.